ಗೇಟಿನೊಳಗೊಂದು ಜಗಲಿ

ಶನಿವಾರ ಮಧ್ಯಾಹ್ನ ಕೆಂಗೇರಿಯಲ್ಲಿ ಮೈಸೂರಿನ ರೈಲು ಹತ್ತಿದೆ. ಜೊತೆಗೆ ರೂಪಾ ಇದ್ದಳು. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಅವಳು ಮಳವಳ್ಳಿ ಪಕ್ಕದ ಹಳ್ಳಿಯಿಂದ ದಿನವೂ ಓಡಾಡುತ್ತಾಳೆ. ಬೆಳಿಗ್ಗೆ ಫ್ಯಾಕ್ಟರಿ ಬಾಗಿಲು ತೆಗೆಯುವ ಹೊತ್ತಿಗೇ ಬರುವುದಾದರೆ ಸೂಪರ್‌ವೈಸರ್ ಮಾಡುತ್ತೇವೆ ಎಂದು ಅಲ್ಲಿಯವರು ಹೇಳಿದ್ದರು. ಅವಳ ರೈಲು ಬರುವುದೇ ಅದಾದ ಮೇಲೆ. ಫ್ಯಾಕ್ಟರಿಯ ಹತ್ತಿರವೇ, ಮೂವತ್ತು-ನಲವತ್ತರ ಸೈಟಿನಲ್ಲಿ, ದುಡಿಯುವ ಹೆಂಗಸರು ಕಡಿಮೆ ಬಾಡಿಗೆಗೆ ಒಟ್ಟಿಗಿರುವ ಮನೆಯೊಂದನ್ನು ನಾನೇ ನಕ್ಷೆ ಬರೆದು ಕಟ್ಟಿಸುತ್ತಿದ್ದೇನೆ. ರೂಪಾ ಅಲ್ಲಿರಲು ಸಿದ್ಧ, ಅವಳ ತಾಯಿ ಗೌರಮ್ಮ ಒಪ್ಪಿರಲಿಲ್ಲ. ಅವರನ್ನು ಒಪ್ಪಿಸಲು ಹೊರಟಿದ್ದೆ.

ಮದ್ದೂರಿನವರೆಗೂ ನಿಂತೇ ಬಂದೆವು. ರೂಪಾ ಕಂಬಿ ಹಿಡಿದು ನಿಂತಲ್ಲೇ ನಿದ್ದೆ ಹೋದಳು. ನನಗೋ ಕಾಲುನೋವು, ಸಿಡುಕು. ಬಿಸಿ ವಡೆ ತಿಂದ ಮೇಲೆಯೇ ಮನುಷ್ಯಳಾದದ್ದು. ಮಳವಳ್ಳಿ ಬಸ್ಸಿನಲ್ಲಿ ಆಧಾರ್ ತೋರಿಸಿದ್ದಕ್ಕೆ ಇಬ್ಬರಿಗೂ ಟಿಕೆಟ್ ಪುಕ್ಕಟೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿ ಊರು ಸೇರುವಾಗ ಬಿಸಿಲು ಇಳಿದಿತ್ತು.

ಗೌರಮ್ಮ ಜಗಲಿಯ ಮೇಲೆ ಕೂರಿಸಿ ಮುದ್ದೆ, ಉಪ್ಸಾರು ಬಡಿಸಿದರು. ಊಟದ ನಡುವೆಯೇ ನಾನು ನಕ್ಷೆ ಬಿಚ್ಚಿದೆ. ಮಡಚುವ ಮಂಚ, ಅದರ ಕೆಳಗೇ ಬೀರು, ಎಲ್ಲರಿಗೂ ಸೇರಿ ದೊಡ್ಡ ಅಡುಗೆಮನೆ. ಒಂದಡಿ ಜಾಗವೂ ದಂಡವಿಲ್ಲ ಎಂದು ಬೀಗಿದೆ.

“ಅದೆಲ್ಲಾ ಸರಿ ಕಣವ್ವ. ನಾನ್ ಬಂದ್ರೆ ನನ್ ಮಗ್ಳು ಎಲ್ಲಿ ಕೂರ್ಸಾಳು?”

“ಹೊರಗಿನವರನ್ನ ಗೇಟಿನೊಳಗೆ ಬಿಡಲ್ಲಮ್ಮ. ಹುಡುಗಿಯರ ಕ್ಷೇಮಕ್ಕೆ.”

“ಎತ್ತವ್ವನೂ ಒರ್ಗಿನವ್ಳಾ?”

“ಸುಮ್ಕಿರವ್ವ, ಫೋನ್ ಮಾಡುದ್ರಾಯ್ತು,” ಎಂದಳು ರೂಪಾ.

“ನೀ ಸುಮ್ಕಿರು. ನೆಂಟ್ರು ಒಂದ್ ಲೋಟ ನೀರ್ ಕುಡೀದೆ ಓಗೋದನ್ನ ಯಾರಾರ ಮನೆ ಅಂತಾರಾ? ಜೈಲಲ್ಲಾದ್ರೂ ನೋಡಕ್ ಬುಡ್ತಾರೆ ಕಣಮ್ಮ!”

ಸುಳ್ಳೇಕೆ, ನನಗೆ ಸಿಟ್ಟೇ ಬಂತು. ಅಂಗೈಯಗಲದ ಜಾಗದಲ್ಲಿ ನೆಂಟರಿಗೆ ಬೇರೆ ಮನೆ ಕಟ್ಟಲೇ? ಆದರೆ ಆ ಹೊತ್ತು ಅವರ ಜಗಲಿಯಲ್ಲಿ ಕೂತು ಉಣ್ಣುತ್ತಿದ್ದ ನೆಂಟಳು ನಾನೇ. ರೂಪಾ ತಟ್ಟೆ ತೊಳೆಯುತ್ತಿದ್ದಳು. ಅವಳ ಮುಖ ನೋಡಲಾಗಲಿಲ್ಲ.

ರಾತ್ರಿ ಅಲ್ಲೇ ಉಳಿದು, ಬೆಳಿಗ್ಗೆ ನಕ್ಷೆಯನ್ನು ಮತ್ತೆ ಹರಡಿದೆ. ಬೀದಿ ಬದಿಗೆ ನನ್ನ ಆಫೀಸಿಗೆಂದು ಆಸೆಪಟ್ಟು ಇಟ್ಟುಕೊಂಡಿದ್ದ ಕೋಣೆಯನ್ನು ಪೆನ್ಸಿಲಿನಲ್ಲಿ ಹೊಡೆದುಹಾಕಿದೆ. ಅಲ್ಲಿ ಜಗಲಿ ಬರೆದೆ: ಗೇಟಿನ ಒಳಗೆ, ಬೀಗ ಹಾಕುವ ಬಾಗಿಲಿನ ಹೊರಗೆ. ನೆಂಟರಿಗೆ ನೆರಳಾಯಿತು, ಒಳಗಿದ್ದವರಿಗೂ ಭಯವಿಲ್ಲ. ಆ ಕೋಣೆಯ ಗೋಡೆ ಎಬ್ಬಿಸಬೇಡಿ ಎಂದು ಮೇಸ್ತ್ರಿಗೆ ಫೋನ್ ಮಾಡಿದೆ.

ಗೌರಮ್ಮ ಆ ಗೆರೆಗಳ ಮೇಲೆ ಬೆರಳಾಡಿಸಿದರು. ಮಗಳ ಕಡೆ ತಿರುಗಿ, “ಓಗು, ಸೂಪರ್‌ವೈಸರ್ರಾಗು,” ಎಂದರು. ರೂಪಾಳ ಕಣ್ಣು ತುಂಬಿತು. ನನ್ನದೂ.

ಇಬ್ಬರೂ ಬಸ್ಸಿನವರೆಗೆ ಬಂದರು. ಬಸ್ಸು ಹೊರಟಾಗ ಗೌರಮ್ಮ ಕಿಟಕಿಯ ಜೊತೆಜೊತೆಗೇ ನಡೆಯುತ್ತಾ ಕೂಗಿದರು:

“ಜಗ್ಲಿ ವಸಿ ಅಗ್ಲ ಮಾಡ್ಸವ್ವ! ನಾನೊಬ್ಳೇ ಬರಕಿಲ್ಲ!”