ಒಳಗಡೆಗೆ ಕೆಟ್ಟಿದ್ದ ಬೆಲ್ಲು

ನಮ್ಮತ್ತೆಗೆ ಬಣ್ಣ ಹೊಂದದಿದ್ದರೆ ಸಮಾಧಾನವಿಲ್ಲ. ಅಂಗಿಗೂ ಗುಂಡಿಗೂ, ಗುಂಡಿಗೂ ದಾರಕ್ಕೂ ಒಂದಿಷ್ಟು ವ್ಯತ್ಯಾಸ ಕಂಡರೂ ಹೊಲಿದದ್ದನ್ನು ಬಿಚ್ಚಿ ಕೂರುತ್ತಾಳೆ. ಆಚೆ ಬೀದಿಯಲ್ಲಿ ಅವಳ ಹೊಲಿಗೆ ಅಂಗಡಿ. ಮಾವ ನಿವೃತ್ತರು. ಅಚ್ಚುಕೂಟದ ಯಂತ್ರದ ಪಕ್ಕದಲ್ಲೇ ಆಯುಸ್ಸು ಕಳೆದವರು. ಅದರ ಸದ್ದು ವರ್ಷದಿಂದ ವರ್ಷಕ್ಕೆ ಅವರ ಕಿವಿಯನ್ನು ಅಷ್ಟಷ್ಟೇ ಮಂದ ಮಾಡಿತ್ತು. ಆದರೆ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ.

ಕಾಲೇಜಿಗೆಂದು ನಾನು ಅವರ ಮನೆಯಲ್ಲೇ ಇದ್ದೆ. ಒಂದು ಮಧ್ಯಾಹ್ನ ಬೇಗ ಬಂದಾಗ, ಗಡಿಯಾರ ರಿಪೇರಿಯವರು ನಮ್ಮ ಬಾಗಿಲಿನಿಂದ ತಲೆ ತಗ್ಗಿಸಿ ಹಿಂತಿರುಗುತ್ತಿದ್ದರು. ಅವರು ಮಾವನ ಹಳೆಯ ಗೆಳೆಯರು, ಚದುರಂಗದ ಜೊತೆಗಾರರು. ನಾನು ಮಾತಾಡಿಸುವಷ್ಟರಲ್ಲಿ ತಿರುವಿನಲ್ಲಿ ಮರೆಯಾದರು. ಒಳಗೆ ಮಾವ ಕಾಯಿಗಳನ್ನು ಜೋಡಿಸಿಟ್ಟು ಹಲಗೆಯ ಮುಂದೆ ಕೂತಿದ್ದರು.

"ನೋಡಿದ್ಯಾ, ಇವತ್ತೂ ಬರಲಿಲ್ಲ. ದೊಡ್ಡ ಮನುಷ್ಯ ಆಗ್ಬಿಟ್ಟಿದ್ದಾನೆ ಈಗ."

"ಮಾವ, ಅವರು ಬಂದಿದ್ರು. ಬೆಲ್ ಒತ್ತಿ..."

"ಬೆಲ್ ಹೊಡೆದಿದ್ರೆ ನಂಗೆ ಕೇಳಿಸ್ತಿರಲಿಲ್ವಾ? ಬೆಲ್ ಕೆಟ್ಟಿರ್ಬೇಕು, ಅಷ್ಟೇ."

ಸಂಜೆ ಅತ್ತೆಗೆ ಹೇಳಿದೆ. ಅವಳು ಹೊರಗೆ ಹೋಗಿ ಒಮ್ಮೆ ಬೆಲ್ ಒತ್ತಿದಳು. ಟಿಂಗ್‌ಟಾಂಗ್ ಎಂದು ಅದು ಮನೆಯೆಲ್ಲ ತುಂಬಿತು. ಮಾವ ಪತ್ರಿಕೆಯ ಹಾಳೆ ತಿರುವಿದರು. ಅತ್ತೆ ಒಳಗೆ ಬಂದು, ಅವರ ಕಣ್ಣೆದುರು ನಿಂತು, "ಹೌದು ಕಣ್ರೀ, ಬೆಲ್ ಕೆಟ್ಟಿದೆ. ರಿಪೇರಿ ಆಗ್ಬೇಕು" ಎಂದಳು.

ಕರೆಂಟಿನ ಕೆಲಸ ಮಾಡುವವನಿಗೆ ನಮ್ಮ ಬೀದಿಯಲ್ಲಿ 'ನಾಳೆಯಪ್ಪ' ಎಂದೇ ಹೆಸರು. ಯಾವಾಗ ಕರೆದರೂ ಬರುವುದು ನಾಳೆ. ಅವನನ್ನು ಕಾದು ಸಾಕಾಗಿ, ಹೊಲಿಗೆ ಮೆಷಿನ್ನಿನ ಪೆಡಲ್ಲು ಬಿಟ್ಟರೆ ಬೇರೆ ಯಾವ ಯಂತ್ರವನ್ನೂ ಮುಟ್ಟದ ಅತ್ತೆ ತಾನೇ ಸ್ಕ್ರೂಡ್ರೈವರ್ ಹಿಡಿದಳು. ಬೆಲ್ಲಿನ ಜೊತೆಗೆ ಮಾವನ ಕುರ್ಚಿಯ ಎದುರು ಗೋಡೆಯಲ್ಲೊಂದು ಬಲ್ಬು. ಹೊರಗೆ ಒತ್ತಿದರೆ ಒಳಗೆ ಬೆಳಗಬೇಕು. "ಬೆಲ್ ಮತ್ತೆ ಕೆಟ್ಟರೆ ಗೊತ್ತಾಗ್ಲಿ ಅಂತ" ಎಂದು ಮಾವನಿಗೆ ವಿವರಿಸಿದ್ದಳು. ಮಾವ ಗಂಭೀರವಾಗಿ ತಲೆಯಾಡಿಸಿದ್ದರು.

ಕರೆಂಟು ಸಾಮಾನಿನ ಅಂಗಡಿಯವನು ಕೆಂಪು, ಕಪ್ಪು ವೈರು ಎತ್ತಿ ಕೊಟ್ಟರೆ ಅತ್ತೆ ಬೇಡವೆಂದಳು. ಚೀಲದಿಂದ ಬಟ್ಟೆಯ ಚೂರೊಂದನ್ನು ತೆಗೆದಳು. ನಮ್ಮ ಗೋಡೆಗೆ ಹಿಡಿದು ನೋಡಿ ಆರಿಸಿದ ಕೆನೆ ಬಣ್ಣದ ಚೂರು.

"ಇದಕ್ಕೆ ಮ್ಯಾಚಿಂಗ್ ಕೊಡಪ್ಪ. ಎಲ್ಲಾ ಒಂದೇ ಬಣ್ಣ ಇರ್ಲಿ."

ಭಾನುವಾರ ಕೆಲಸ ಶುರುವಾಯಿತು. ಮೇನ್ ಸ್ವಿಚ್ ಆರಿಸಿ, ಅದರ ಕೆಳಗೆ ಮಾವನನ್ನು ಕುರ್ಚಿ ಹಾಕಿ ಕೂರಿಸಿದಳು. ಯಾರೂ ಅದನ್ನು ಮುಟ್ಟದಂತೆ ಕಾಯುವುದು ಅವರ ಕೆಲಸ. ಸೆಖೆಯೆಂದು ನಾನು ಆ ಕಡೆ ನೋಡಿದರೂ ಸಾಕು, "ಏಯ್, ದೂರ! ನಿಮ್ಮತ್ತೆ ಕೈ ವೈರಲ್ಲಿದೆ" ಎಂದು ಗದರುತ್ತಿದ್ದರು. ಅತ್ತೆ ಬಿರುಕುಬಿಟ್ಟ ಹಳೆಯ ವೈರನ್ನು ಕಿತ್ತು, ಹೊಸದನ್ನು ಗೋಡೆಯುದ್ದಕ್ಕೂ ಸೆರಗಿನ ಅಂಚಿನಂತೆ ನೇರವಾಗಿ ಕೂರಿಸಿದಳು. ದೂರದಿಂದ ನೋಡಿದರೆ ಗೋಡೆಯಲ್ಲಿ ವೈರಿರುವುದೇ ಕಾಣುತ್ತಿರಲಿಲ್ಲ.

ಮೇನ್ ಹಾಕಿದೊಡನೆ ಬಲ್ಬು ಹೊತ್ತಿತು. ಯಾರೂ ಒತ್ತಿರಲಿಲ್ಲ. ಅತ್ತೆ ಬಾಯಿ ತೆರೆಯುವ ಮೊದಲೇ ಮಾವ ಎದ್ದು, ಕೈಯಲ್ಲೇ ತಲೆಗೂದಲು ನೇವರಿಸಿಕೊಂಡು ಬಾಗಿಲು ತೆರೆದಿದ್ದರು. ಬೀದಿಯ ಆ ಕಡೆ ನೋಡಿದರು, ಈ ಕಡೆ ನೋಡಿದರು.

"ಯಾರೂ ಇಲ್ಲ," ಎಂದರು, ಹೊಸ್ತಿಲಲ್ಲೇ ನಿಂತು.

ಅತ್ತೆ ಮೇನ್ ಆರಿಸಿದಳು. ವೈರುಗಳೆಲ್ಲ ಬಂದು ಸೇರುವ ಬಾಗಿಲ ಮೇಲಿನ ಡಬ್ಬಿ ತೆರೆದು ಅದರೊಳಗೆ ಬಹಳ ಹೊತ್ತು ಮುಖವಿಟ್ಟುಕೊಂಡಿದ್ದಳು. ಎಲ್ಲ ತುದಿಗಳೂ ಕೆನೆ ಬಣ್ಣ. ಯಾವುದು ಎಲ್ಲಿಂದ ಬಂತು, ಯಾವುದು ಎಲ್ಲಿಗೆ ಹೋಯಿತು ಎಂದು ಅವಳಿಗೂ ತಿಳಿಯದು.

ಆಗ ಸೈಕಲ್ಲಿನಲ್ಲಿ ಹೋಗುತ್ತಿದ್ದ ನಾಳೆಯಪ್ಪ ತೆರೆದ ಬಾಗಿಲು ಕಂಡು ಇಣುಕಿದ.

"ಏನಕ್ಕಾ ಇದು, ಎಲ್ಲಕ್ಕೂ ಯೂನಿಫಾರಂ ಹೊಲಿಸಿದ್ದೀರಾ?" ನಕ್ಕು ನಕ್ಕು ಅವನ ಕಣ್ಣಲ್ಲಿ ನೀರು. ಬಲ್ಬು ತಾನೇ ಹೊತ್ತಿದ್ದನ್ನು ನಾನು ಹೇಳಿದೆ. "ಹೊರಗಿನ ಬೆಲ್ ಸ್ವಿಚ್ಚಿಂದ ವಾಪಸ್ ಬರೋ ವೈರು ಬಲ್ಬಿಗೆ ಹೋಗ್ಬೇಕಿತ್ತು. ನೀವು ಸ್ವಿಚ್ಚಿಗೆ ಹೋಗೋದನ್ನ ಕೊಟ್ಟಿದ್ದೀರ. ಇರ್ಲಿ ಬಿಡಿ, ನಾಳೆ ಬಂದು..."

"ನಿನ್ನ ನಾಳೆ ನಂಗೆ ಗೊತ್ತಿಲ್ವಾ? ಹೋಗಪ್ಪ, ಹೋಗು."

ಅವನು ಹೋದ ಮೇಲೆ ಅತ್ತೆ ದಾರದ ಡಬ್ಬ ತರಿಸಿದಳು. ನಾನು ಸ್ವಿಚ್ಚಿನ ಬಳಿ ಒಂದೊಂದೇ ವೈರನ್ನು ಮೆಲ್ಲಗೆ ಎಳೆಯುವುದು. ಮೇಲೆ ಡಬ್ಬಿಯಲ್ಲಿ ಯಾವುದು ಅಲುಗಿತೋ ಅದಕ್ಕೆ ಅವಳು ದಾರ ಕಟ್ಟುವುದು. ಸ್ವಿಚ್ಚಿಗೆ ಹೋಗುವುದಕ್ಕೆ ಕೆಂಪು, ಅಲ್ಲಿಂದ ಮರಳುವುದಕ್ಕೆ ನೀಲಿ. ಉಳಿದವನ್ನೂ ಹಾಗೇ ಎಳೆದು ನೋಡಿ ಕಪ್ಪು. ಪ್ರತಿ ಗಂಟನ್ನೂ ಬಿಗಿ ಮಾಡಿ ಉಳಿದ ದಾರವನ್ನು ಹಲ್ಲಿನಿಂದ ಕಡಿದಳು.

ನೀಲಿ ದಾರದ ವೈರನ್ನು ಬಲ್ಬಿಗೆ ಜೋಡಿಸಿ ಮೇನ್ ಹಾಕಿದಳು. ಈ ಸಲ ಬಲ್ಬು ಸುಮ್ಮನಿತ್ತು. ನಾನು ಹೊರಗೆ ಹೋಗಿ ಒತ್ತಿದೆ. ಒಳಗಿನಿಂದ ಮಾವನ ದನಿ: "ಬಂತು, ಬಂತು!"

ಮರುದಿನ ಅತ್ತೆ ನನ್ನನ್ನೂ ಕರೆದುಕೊಂಡು ಗಡಿಯಾರದ ಅಂಗಡಿಗೆ ಹೋದಳು.

"ಅಣ್ಣ, ಮನೆ ಕಡೆ ಬನ್ನಿ. ಬೆಲ್ ಕೆಟ್ಟಿತ್ತು, ಸರಿ ಮಾಡಿದ್ದೀನಿ."

ಅವರು ತಲೆಯೆತ್ತಲಿಲ್ಲ. "ಕೆಟ್ಟಿರಲಿಲ್ಲ ತಂಗಿ. ಹೊರಗೆ ನಿಂತು ನನ್ನ ಕಿವೀಲೇ ಕೇಳಿದ್ದೀನಿ. ಬಾಗಿಲು ತೆಗೆಯೋಕೆ ಇಷ್ಟ ಇಲ್ಲ ಅಂದ್ರೆ..."

"ಹೊರಗಡೆಗೆ ಚೆನ್ನಾಗೇ ಇತ್ತು, ಅಣ್ಣ," ಅತ್ತೆ ಮೆಲ್ಲಗೆ ಹೇಳಿದಳು. "ಒಳಗಡೆಗೆ ಕೆಟ್ಟಿತ್ತು."

ಅವರು ಕಣ್ಣಿಗೆ ಸಿಕ್ಕಿಸಿದ್ದ ಮಸೂರವನ್ನು ತೆಗೆದು ಅವಳನ್ನು ನೋಡಿದರು.

"ಹಾಗೂ ಆಗುತ್ತೆ," ಎಂದರು. "ನಾನು ಯೋಚಿಸ್ಲೇ ಇಲ್ಲ ನೋಡು."

ಅಂದು ಮಧ್ಯಾಹ್ನ ನಾನು ಕಾಲೇಜಿಗೆ ಹೋಗಲಿಲ್ಲ. ಬಲ್ಬು ಹೊತ್ತಿತು. ಮಾವ ಅವಸರದಲ್ಲಿ ಒಂದು ಚಪ್ಪಲಿ ಮಾತ್ರ ಮೆಟ್ಟಿ ಹೋಗಿ ಬಾಗಿಲು ತೆರೆದರು.

"ದಾರಿ ಮರೆತು ಬಂದ್ಯೇನೋ?"

"ನಿನ್ನ ಬೆಲ್ ಕೆಟ್ಟಿದ್ರೆ ನಾನೇನೋ ಮಾಡ್ಲಿ?" ಗಡಿಯಾರದವರು ದೊಡ್ಡ ದನಿಯಲ್ಲಿ, ಮುಖಕ್ಕೆ ಮುಖ ಕೊಟ್ಟು ಹೇಳಿದರು. ಯಾವಾಗಲೂ ಪಕ್ಕದಲ್ಲಿರುತ್ತಿದ್ದ ಕುರ್ಚಿಯನ್ನು ಎಳೆದು, ಬೆಳಕು ತಮ್ಮ ತುಟಿಯ ಮೇಲೆ ಬೀಳುವಂತೆ ಎದುರಿಗೆ ಹಾಕಿಕೊಂಡರು.

ಮಾವ ಆಟ ಶುರುಮಾಡಲಿಲ್ಲ. ಗೆಳೆಯನ ಕೈ ಹಿಡಿದೆಬ್ಬಿಸಿ ಬಲ್ಬು ತೋರಿಸಿದರು, ಡಬ್ಬಿಯ ಮುಚ್ಚಳದತ್ತ ಬೆರಳು ಮಾಡಿದರು. "ಒಳಗೆಲ್ಲಾ ದಾರ ಕಟ್ಟಿದ್ದಾಳೆ, ಕೆಂಪು, ನೀಲಿ. ಸುಮ್ನೆ ಅಲ್ಲ! ಇಡೀ ದಿನ ಮೇನ್ ಕಾದೋನು ನಾನು."