ಸುಟ್ಟರೂ ನೋಯದ ಬೆರಳು

ಮೊದಲು ಬಂದದ್ದು ವಾಸನೆ. ನೋವಲ್ಲ.

ಜೋಳದ ರೊಟ್ಟಿ ಬಡಿದು ಹಂಚಿನ ಮೇಲೆ ಹಾಕಿ, ಅವ್ವನ ಕಡೆ ತಿರುಗಿ ಏನೋ ಹೇಳುತ್ತಿದ್ದೆ. ಚರ್ಮ ಸುಟ್ಟ ವಾಸನೆ ಬಂತು. ನೋಡಿದರೆ ನನ್ನ ಎಡಗೈಯ ಕಿರುಬೆರಳು ಹಂಚಿನ ಅಂಚಿಗೆ ತಾಗಿಕೊಂಡಿತ್ತು. ಕೈ ಎಳೆದುಕೊಂಡೆ. ಅವ್ವ ಓಡಿ ಬಂದು ತಣ್ಣೀರು ಸುರಿದಳು, ಬಹಳ ಉರಿಯುತ್ತದೇನು ಎಂದು ಕೇಳಿದಳು. ನಾನು ಏಳುತ್ತಿದ್ದ ಗುಳ್ಳೆಯನ್ನೇ ನೋಡುತ್ತ ನಿಂತೆ.

ಉರಿ ಇರಲಿಲ್ಲ.

ನನ್ನ ಹೆಸರು ಕರುಣಾ. ನಾನು ಮಹಾರಾಷ್ಟ್ರದ ಉದಗೀರದಲ್ಲಿ ಹುಟ್ಟಿ ಬೆಳೆದವಳು. ಅಜ್ಜ ಬೀದರ ಕಡೆಯ ಹಳ್ಳಿಯಿಂದ ದಾಲ್ ಮಿಲ್ಲಿನ ಕೆಲಸಕ್ಕೆ ಬಂದು ಅಲ್ಲೇ ಉಳಿದ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ನಾನು, ಅವ್ವ ಇಬ್ಬರೇ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಿದ್ದೆ. ಭಾನುವಾರ ಮಾತ್ರ ಯಂತ್ರಕ್ಕೆ ರಜೆ. ಅಂದು ಬೆಳಿಗ್ಗೆ ನಮ್ಮ ಚಿಕ್ಕ ಕ್ರೈಸ್ತ ಸಭೆಯ ಮಕ್ಕಳಿಗೆ ಸಂಡೇ ಸ್ಕೂಲ್, ಆರಾಧನೆ ಮುಗಿದ ಮೇಲೆ ನಮ್ಮ ಯುವಕರ ಸಂಘ. ಸಂಘವೆಂದರೆ ಹಾಡು ಮಾತ್ರ ಅಲ್ಲ. ಗೆಳತಿ ಶಾಲಿನಿ, ನಾನು ಮತ್ತು ಉಳಿದವರು ಸೇರಿ ಸರಕಾರಿ ದವಾಖಾನೆಯ ವಾರ್ಡುಗಳಿಗೆ ಹೋಗುತ್ತಿದ್ದೆವು. ಯಾರೂ ಇಲ್ಲದ ರೋಗಿಗಳ ತಲೆ ಬಾಚುವುದು, ಗಂಜಿ ಕುಡಿಸುವುದು, ಕೇಳಿದರೆ ಪ್ರಾರ್ಥನೆ ಮಾಡುವುದು. ಕೇಳದಿದ್ದರೆ ಸುಮ್ಮನೆ ಕೂರುವುದು. ವಿಶ್ವಾಸ ಅಂದರೆ ಕೈಕಾಲು ಆಡಬೇಕು ಎಂಬುದು ನನ್ನ ಹಟ. ಇಪ್ಪತ್ತಾರರ ವಯಸ್ಸಿನಲ್ಲಿ ನನಗೆ ಸುಸ್ತು ಅಂದರೆ ಏನೆಂದು ಗೊತ್ತಿರಲಿಲ್ಲ.

ಮೊಣಕೈ ಕೆಳಗೆ ಒಂದು ಮಾಸಲು ಬಿಳಿ ಕಲೆ ಬಹಳ ದಿನದಿಂದ ಇತ್ತು. ಸಿಬ್ಬ ಎಂದುಕೊಂಡು ಮುಲಾಮು ಹಚ್ಚುತ್ತಿದ್ದೆ. ಈಗ ಬೆರಳಿನ ಗುಳ್ಳೆ ತೋರಿಸಲು ಹೋದಾಗ ಡಾಕ್ಟರು ಗುಳ್ಳೆಗಿಂತ ಹೆಚ್ಚು ಹೊತ್ತು ಆ ಕಲೆಯನ್ನೇ ನೋಡಿದರು. ಕಣ್ಣು ಮುಚ್ಚಿಕೊಳ್ಳಲು ಹೇಳಿದರು. ಹತ್ತಿಯ ಎಳೆ ತಾಗಿಸುತ್ತೇನೆ, ತಾಗಿದಾಗಲೆಲ್ಲ ಹೇಳು ಅಂದರು. ನಾನು ಕಾಯುತ್ತ ಕೂತೆ. ಯಾವಾಗ ಶುರು ಮಾಡುತ್ತೀರಿ ಎಂದು ಕೇಳಿದೆ. ಮುಗೀತು, ಕಣ್ಣು ತೆಗಿ ಎಂದರು.

ಆಮೇಲೆ ಮೊಣಕೈ ಹಿಂದೆ ಒತ್ತಿ ನೋಡಿದರು. ಅಲ್ಲಿ ನೋವಿತ್ತು. ಕಿರುಬೆರಳಿಗೂ ಪಕ್ಕದ ಬೆರಳಿಗೂ ಹೋಗುವ ನರ್ವ್ ಬಾತು ಹಗ್ಗದಂತಾಗಿದೆ ಎಂದರು. ಚರ್ಮ ಕೆರೆದು ನೋಡುವ ಸ್ಕಿನ್ ಸ್ಮಿಯರ್ ಪರೀಕ್ಷೆ ಮಾಡಿಸಿದರು. ರಿಪೋರ್ಟ್ ಬಂದ ದಿನ ಮರಾಠಿಯಲ್ಲಿ ಬಹಳ ಮೆಲ್ಲಗೆ, ಇದು ಹ್ಯಾನ್ಸೆನ್ಸ್ ಡಿಸೀಸ್ ಅಂದರು. ನನಗೆ ತಿಳಿಯಲಿಲ್ಲ. ನಮ್ಮ ಮಾತಿನಲ್ಲಿ ಏನನ್ನುತ್ತಾರೆ ಎಂದು ಕೇಳಿದೆ.

ಕುಷ್ಠ.

ಆ ಶಬ್ದವನ್ನು ನಾನು ಮಕ್ಕಳಿಗೆ ಎಷ್ಟೋ ಸಲ ಹೇಳಿಕೊಟ್ಟಿದ್ದೆ. ಯೇಸುಸ್ವಾಮಿ ಕುಷ್ಠರೋಗಿಯನ್ನು ಮುಟ್ಟಿದ ಕತೆ ನನ್ನ ಮೆಚ್ಚಿನ ಪಾಠ. ಕೈ ಚಾಚಿ ತೋರಿಸುತ್ತ ಹೇಳುತ್ತಿದ್ದೆ. ಯಾವಾಗಲೂ ನಾನು ಮುಟ್ಟುವವರ ಕಡೆ ನಿಂತಿರುತ್ತಿದ್ದೆ. ಇನ್ನೊಂದು ಕಡೆ ನಿಲ್ಲಬೇಕಾದೀತು ಎಂದು ಯಾವತ್ತೂ ಅನ್ನಿಸಿರಲಿಲ್ಲ.

ಡಾಕ್ಟರು ಅವಸರ ಮಾಡಲಿಲ್ಲ. ಇದು ಪೂರ್ತಿ ಗುಣವಾಗುವ ಕಾಯಿಲೆ ಅಂದರು. ಒಂದು ವರ್ಷ ಎಂಡಿಟಿ ಎಂಬ ಹಲವು ಔಷಧಗಳ ಗುಳಿಗೆ ಪ್ಯಾಕ್, ನರ್ವ್ ಉಳಿಸಲು ಜೊತೆಗೆ ಸ್ಟೀರಾಯ್ಡ್, ದಿನವೂ ಬೆರಳಿನ ವ್ಯಾಯಾಮ. ಔಷಧ ಶುರುವಾದರೆ ನನ್ನಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಮನೆ ಬಿಡಬೇಕಿಲ್ಲ, ತಟ್ಟೆ ಬೇರೆ ಮಾಡಬೇಕಿಲ್ಲ. ಮೊದಲ ಗುಳಿಗೆಗಳನ್ನು ಅವರ ಎದುರಿಗೇ ನುಂಗಿದೆ.

ಮನೆಗೆ ಬಂದು ಹೇಳಿದಾಗ ಅವ್ವ ಮೊದಲು ಬಾಗಿಲು ಹಾಕಿದಳು. ಆಮೇಲೆ ನೆಲದ ಮೇಲೆ ಕೂತಳು.

"ಯಾರ ಮುಂದೂ ಹೇಳಬ್ಯಾಡ ಮಗಾ. ಔಷಧ ತಗೋ, ಸುಮ್ಮನಿರು. ಲಗ್ನ ಒಂದು ಆಗಿ ಹೋಗಲಿ."

ಲಗ್ನ ಗೊತ್ತಾಗಿತ್ತು. ಹುಡುಗ ಪ್ರಕಾಶ, ಉಮರ್ಗಾದವನು. ಹೈವೇ ಮಗ್ಗುಲಿಗೆ ಅವನದೊಂದು ಬೈಕ್ ಗ್ಯಾರೇಜ್. ನಡುವಿನ ನಿಲಂಗಾದಲ್ಲಿ ಮೂರೂ ಊರಿನ ಸಭೆಗಳ ಯುವಕರ ಕೂಟ ನಡೆದಾಗ ಪರಿಚಯ. ಊಟದ ನಂತರ ಎಲ್ಲರೂ ಹರಟುತ್ತಿದ್ದಾಗ ಅವನೊಬ್ಬ ಹಂಡೆ ತಿಕ್ಕುತ್ತಿದ್ದ. ನಾನು ಹೋಗಿ ಇನ್ನೊಂದು ಹಂಡೆ ಹಿಡಿದೆ. ಎರಡೂ ಮನೆಯವರು ಒಪ್ಪಿ ನಿಶ್ಚಿತಾರ್ಥವೂ ಆಗಿತ್ತು.

ಅವ್ವನ ಮಾತು ಕೇಳಬೇಕೆಂದು ನನಗೂ ಆಸೆಯಾಯಿತು. ಸುಳ್ಳು ಹೇಳಬೇಕಿರಲಿಲ್ಲ. ತುಂಬು ತೋಳಿನ ಬ್ಲೌಸ್ ಹೊಲಿದುಕೊಂಡರೆ ಸಾಕಿತ್ತು.

ಆದರೆ ಅಷ್ಟರಲ್ಲಿ ದವಾಖಾನೆಯ ಸಿಸ್ಟರ್ ಮನೆಗೆ ಬಂದರು. ನಾನು ಔಷಧ ಶುರು ಮಾಡುವ ಮುಂಚೆ ನನ್ನ ಜೊತೆ ಬಹಳ ಹೊತ್ತು ಕಳೆದವರಿಗೆ ಒಂದು ಸಲ ರಿಫಾಂಪಿಸಿನ್ ಗುಳಿಗೆ ಕೊಟ್ಟರೆ ಅವರಿಗೆ ಬರುವ ಸಂಭವ ಕಡಿಮೆಯಾಗುತ್ತದೆ ಅಂದರು. ಅವ್ವನಿಗೆ ಅಲ್ಲೇ ಪರೀಕ್ಷೆ ಮಾಡಿ ಗುಳಿಗೆ ಕೊಟ್ಟರು. ಇನ್ಯಾರು ಎಂದು ಕೇಳಿದರು. ನನ್ನ ಕಣ್ಣ ಮುಂದೆ ಸಂಡೇ ಸ್ಕೂಲಿನ ಮಕ್ಕಳು ಬಂದರು. ತೊಡೆಯ ಮೇಲೆ ಕೂರಿಸಿಕೊಂಡು ಅಕ್ಷರ ತಿದ್ದಿಸಿದ ಮಕ್ಕಳು. ನಿನ್ನ ಹೆಸರು ಹೇಳಲೇಬೇಕೆಂದಿಲ್ಲ, ತಪಾಸಣೆ ಶಿಬಿರ ಅಂತ ಮಾಡೋಣ ಎಂದು ಸಿಸ್ಟರ್ ತಾವಾಗಿಯೇ ದಾರಿ ತೋರಿಸಿದರು.

ಎರಡು ದಿನ ಅದನ್ನೇ ಯೋಚಿಸಿದೆ. ಹೆಸರಿಲ್ಲದ ಶಿಬಿರಕ್ಕೆ ಎಷ್ಟು ಜನ ಬರುತ್ತಾರೆ? ಆರಾಮಿರುವ ಮಗುವಿಗೆ ಸುಮ್ಮಸುಮ್ಮನೆ ಗುಳಿಗೆ ಕೊಡಿಸುವ ತಾಯಿ ಯಾರು? ಯೇಸುಸ್ವಾಮಿ ಕುಷ್ಠರೋಗಿಯನ್ನು ಮುಟ್ಟಿದ ಆ ಕತೆಯನ್ನು ಮತ್ತೆ ಓದಿದೆ. ಇಷ್ಟು ವರ್ಷ ಕಲಿಸಿದರೂ ಕಾಣದ ಒಂದು ಸಂಗತಿ ಈಗ ಕಂಡಿತು. ಮೊದಲು ಹೆಜ್ಜೆ ಇಟ್ಟವನು ಆ ರೋಗಿ. ಯಾರ ಹತ್ತಿರವೂ ಹೋಗಬಾರದವನು ಎಲ್ಲರೂ ನೋಡುತ್ತಿರುವಾಗ ತಾನೇ ನಡೆದು ಬಂದ. ಸ್ವಾಮಿ ಮುಟ್ಟಿದ್ದು ಆಮೇಲೆ. ನಾನು ಕೈಯ ಬಗ್ಗೆಯೇ ಪಾಠ ಮಾಡಿದ್ದೆ, ಆ ಕಾಲುಗಳ ಬಗ್ಗೆ ಮಾತಾಡಿರಲೇ ಇಲ್ಲ.

ಸಭೆಯಲ್ಲಿ ಹೇಳುವುದೆಂದು ಗಟ್ಟಿ ಮಾಡಿಕೊಂಡೆ. ಆದರೆ ಪ್ರಕಾಶನಿಗೆ ಬೇರೆಯವರ ಬಾಯಿಂದ ತಿಳಿಯಬಾರದು. ಶನಿವಾರ ಬಸ್ ಹತ್ತಿದೆ. ಅವ್ವ ಬಾಗಿಲ ತನಕವೂ ಬರಲಿಲ್ಲ.

ಉಮರ್ಗಾದ ಅವರ ಮನೆಯಲ್ಲಿ ಪ್ರಕಾಶ, ಅವನ ತಾಯಿ ಇಬ್ಬರಿದ್ದರು. ತಾಯಿ ಹಿಂದಿನ ದೊಡ್ಡ ಭೂಕಂಪದಲ್ಲಿ ನೆಲಸಮವಾದ ಸಾಸ್ತೂರದ ಮಗಳು, ಕಡಿಮೆ ಮಾತಿನ ಹೆಂಗಸು. ನಾನು ಸೆರಗು ಸರಿಸಿ ತೋಳಿನ ಕಲೆ ತೋರಿಸಿದೆ. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಪ್ರಕಾಶ ನೆಲ ನೋಡುತ್ತಿದ್ದ. ಬೆರಳು ನೋಯುತ್ತದೇನು ಎಂದಷ್ಟೇ ಕೇಳಿದ. ನೋಯುವುದಿಲ್ಲ, ಅದೇ ಕಷ್ಟ ಎಂದೆ. ಅವನ ತಾಯಿ ಅಂದರು:

"ಔಷಧ ಮುಗೀಲಿ. ಆಮ್ಯಾಲ ನೋಡಮು."

ಕೆಟ್ಟ ಮಾತೇನಲ್ಲ. ತಾಯಿಯಾದವಳು ಹೇಳುವ ಮಾತೇ. ಆದರೆ ಒಂದು ವರ್ಷ ಪರೀಕ್ಷೆಗೆ ಕೂತವಳ ಹಾಗೆ ಕಾಯುವುದನ್ನು ನೆನೆದರೆ ನನ್ನ ಬೆನ್ನು ತಾನೇ ನೆಟ್ಟಗಾಯಿತು.

"ಮುಗದ ಮ್ಯಾಲ ನೋಡೋದಾದ್ರ ಬ್ಯಾಡ್ರಿ ಅತ್ತಿ," ಎಂದೆ. "ನಾ ಈಗೂ ಅದೇ ಕರುಣಾನೇ ಇದ್ದೀನಿ. ಈಗ ಒಪ್ಪದಿದ್ರ ಇಲ್ಲಾ ಅಂತ ಹೇಳ್ರಿ, ನನಗ ಸಿಟ್ಟಿಲ್ಲ."

ಹೇಳಿ ಬಂದುಬಿಟ್ಟೆ. ನಿಲಂಗಾದಲ್ಲಿ ಬಸ್ ಬದಲಿಸಬೇಕು. ಆ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತೆ. ಇದು ವಿಶ್ವಾಸವೋ ಸೊಕ್ಕೋ ಎಂದು ನನಗೇ ತಿಳಿಯಲಿಲ್ಲ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಪಕ್ಕದಲ್ಲಿ ಕೂತಿದ್ದ ಕುರುಬರ ಮುದುಕಿ ಯಾವ ಊರಿಗೆ ಎಂದಷ್ಟೇ ಕೇಳಿದಳು. ಉದಗೀರ ಬಸ್ ಬಂದಾಗ, ನಿನ್ನ ಗಾಡಿ ಬಂತು ನೋಡವ್ವಾ ಎಂದು ಭುಜ ತಟ್ಟಿದಳು.

ಮರುದಿನ ಆರಾಧನೆ ಮುಗಿದ ಮೇಲೆ ಪಾಸ್ಟರ್ ನನ್ನನ್ನು ಮುಂದೆ ಕರೆದರು. ಅವರಿಗೆ ಮೊದಲೇ ತಿಳಿಸಿದ್ದೆ, ಬೇಕಾದರೆ ತಾವೇ ಹೇಳುವುದಾಗಿ ಅಂದಿದ್ದರು. ಬೇಡ ಎಂದಿದ್ದೆ.

"ನನಗ ಕುಷ್ಠ ಆಗ್ಯಾದ," ಎಂದೆ. "ಔಷಧ ಚಾಲೂ ಮಾಡೀನಿ. ಇನ್ಮ್ಯಾಲ ನನ್ನಿಂದ ಯಾರಿಗೂ ಬರಂಗಿಲ್ಲ. ಆದ್ರ ಇಷ್ಟು ದಿನ ನನ್ನ ಸಂಗಡ ಕುಂತೋರು, ಆಡಿದ ಮಕ್ಕಳು ಒಂದು ಸರ್ತಿ ಗುಳಿಗಿ ತಗೋಬೇಕು. ಅದಕ್ಕೇ ಹೇಳ್ಲಕತ್ತೀನಿ."

ಹೆಂಗಸರ ಸಾಲಿನಲ್ಲಿ ಒಬ್ಬಾಕೆ ಮಗುವನ್ನು ಹತ್ತಿರ ಎಳೆದುಕೊಂಡಳು. ಆಗ ಶಾಲಿನಿ ಎದ್ದು ಬಂದು ನನ್ನ ಪಕ್ಕ ನಿಂತಳು. ಭಾಷಣ ಮಾಡಲಿಲ್ಲ. ಗುಳಿಗೆ ಎಲ್ಲಿ, ಯಾವಾಗ ಕೊಡುತ್ತಾರೆ, ಊಟ ಮಾಡಿ ಬರಬೇಕೋ ಹೇಗೆ ಎಂದು ಎಲ್ಲರಿಗೂ ಕೇಳುವಂತೆ ನನ್ನನ್ನು ವಿಚಾರಿಸಿದಳು. ಆ ಪ್ರಶ್ನೆಗಳಿಂದ ಬಿಗುವು ಸಡಿಲವಾಯಿತು. ಇನ್ನೊಬ್ಬರು ಕೇಳಿದರು. ಮತ್ತೊಬ್ಬರು ಕೇಳಿದರು. ಮುಂದಿನ ವಾರ ಸಿಸ್ಟರ್ ಬಂದಾಗ ಸಭೆಯ ಅಂಗಳದಲ್ಲಿ ಸಾಲು ನಿಂತಿತ್ತು.

ಎಲ್ಲವೂ ಸರಿಹೋಯಿತು ಎಂದು ಬರೆಯಲಾರೆ. ಒಂದು ಮನೆಯವರು ಮಕ್ಕಳನ್ನು ಇವತ್ತಿಗೂ ಸಂಡೇ ಸ್ಕೂಲಿಗೆ ಕಳಿಸುವುದಿಲ್ಲ. ಓಣಿಯ ಕೆಲವು ಹೆಂಗಸರು ಬ್ಲೌಸ್ ಬಟ್ಟೆಯನ್ನು ವಾಪಸು ಒಯ್ದರು. ಹಿರಿಯರೊಬ್ಬರು ವಿಶ್ವಾಸ ಇದ್ದವರಿಗೆ ಔಷಧ ಯಾಕೆ, ಉಪವಾಸವಿದ್ದು ಪ್ರಾರ್ಥಿಸು ಎಂದರು. ಪ್ರಾರ್ಥಿಸಿಯೇ ಗುಳಿಗೆ ನುಂಗುತ್ತೇನೆ ಎಂದೆ. ಅವರಿಗೆ ಬೇಸರವಾಯಿತು. ನನಗೆ ಆಗಲಿಲ್ಲ.

ದೇಹ ಮಾತ್ರ ಬೇರೆ ಯಾರದೋ ಆಗುತ್ತ ಹೋಯಿತು. ತಿಂಗಳಿಗೊಮ್ಮೆಯ ಗುಳಿಗೆ ನುಂಗಿದ ದಿನ ಮೂತ್ರ ಕೆಂಪಗೆ ಬರುತ್ತಿತ್ತು. ಮೊದಲ ಸಲ ರಕ್ತವೆಂದು ಹೆದರಿದೆ. ಇನ್ನೊಂದು ಗುಳಿಗೆಯಿಂದ ಮೈಬಣ್ಣ ಮಾಸಿದ ತಾಮ್ರದ ಹಾಗೆ ಕಪ್ಪಾಯಿತು. ಸ್ಟೀರಾಯ್ಡಿನಿಂದ ಮುಖ ಬಾತಿತು. ಬೆಳಿಗ್ಗೆ ಬಿಸಿಯಿಲ್ಲದ ನೀರಿನಲ್ಲಿ ಕೈ ನೆನೆಸಿ, ಎಣ್ಣೆ ಹಚ್ಚಿ, ಬಾಗುತ್ತಿದ್ದ ಎರಡು ಬೆರಳನ್ನು ಇನ್ನೊಂದು ಕೈಯಿಂದ ನೀಡಿ ನೀಡಿ ನೆಟ್ಟಗೆ ಮಾಡಬೇಕು. ನೋವಿಲ್ಲದವರು ನೋವಿನ ಕೆಲಸವನ್ನು ಕಣ್ಣಿನಿಂದ ಮಾಡಿಸಬೇಕು ಎಂದು ಫಿಸಿಯೋಥೆರಪಿಯ ಮೇಡಂ ಹೇಳಿದ್ದರು. ನೋವು ದೇವರು ಇಟ್ಟ ಕಾವಲುಗಾರ ಎಂದು ನನಗೆ ತಿಳಿದದ್ದು ಅದು ಬಿಟ್ಟುಹೋದ ಮೇಲೆ. ನೋವು ತೆಗೆದುಹಾಕು ಎಂದು ವಾರ್ಡುಗಳಲ್ಲಿ ಎಷ್ಟೋ ಜನರಿಗಾಗಿ ಬೇಡಿದ ನಾನು, ಈಗ ಒಂದಿಷ್ಟು ಉರಿಯಾದರೂ ಕೊಡು ಎಂದು ಬೇಡುತ್ತಿದ್ದೆ.

ವಾರ್ಡಿಗೆ ಹೋಗುವುದನ್ನು ಬಿಡಲಿಲ್ಲ. ಮುಖ ಕಂಡು ರೋಗಿಗಳೇ ಏನಾಗಿದೆ ಎಂದು ಕೇಳುತ್ತಿದ್ದರು. ಹೇಳುತ್ತಿದ್ದೆ. ಮೊದಲಿಗಿಂತ ಈಗ ಅವರು ಹೆಚ್ಚು ಮಾತಾಡುತ್ತಿದ್ದರು.

ಪ್ರಕಾಶನಿಂದ ಸುದ್ದಿ ಇರಲಿಲ್ಲ. ನಾನೂ ಫೋನ್ ಮಾಡಲಿಲ್ಲ. ಮಳೆಗಾಲ ಕಳೆದು ತೊಗರಿ ಹೂ ಬಿಟ್ಟಿತ್ತು. ಒಂದು ಭಾನುವಾರ ಆರಾಧನೆಯ ನಡುವೆ ತಿರುಗಿ ನೋಡಿದರೆ, ಹಿಂದಿನ ಸಾಲಿನಲ್ಲಿ ಅವನೂ ಅವನ ತಾಯಿಯೂ ಕೂತಿದ್ದರು.

ಮನೆಗೆ ಕರೆದುಕೊಂಡು ಬಂದೆ. ಅವ್ವ ಗಾಬರಿಯಲ್ಲಿ ಚಹಾಕ್ಕೆ ಸಕ್ಕರೆ ಹಾಕಲು ಮರೆತಳು. ಪ್ರಕಾಶನೇ ಮೊದಲು ಬಾಯಿಬಿಟ್ಟ. ನಾನು ಅಂದೇ ಒಪ್ಪಿದ್ದೆ, ಆದರೆ ತಾಯಿಯನ್ನು ಬಿಟ್ಟು ಬರಲು ಮನಸ್ಸಾಗಲಿಲ್ಲ ಎಂದ. ಅವನ ತಾಯಿ ಸಕ್ಕರೆಯಿಲ್ಲದ ಚಹಾ ಪೂರ್ತಿ ಕುಡಿದು ಕಪ್ಪು-ಬಸಿಯನ್ನು ಕೆಳಗಿಟ್ಟರು.

"ಭೂಕಂಪದಾಗ ನಾ ಸಣ್ಣಾಕಿ," ಎಂದರು. "ಮಣ್ಣಾಗಿಂದ ನನ್ನ ಎಳದು ತೆಗದೋರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಅವರು ಕೈ ಹಿಡದ್ರು, ಜಗ್ಗಿದ್ರು. ಈಕಿ ಮೈಮ್ಯಾಲ ಏನದ ಅಂತ ನೋಡ್ಲಿಲ್ಲ. ನಾ ಮಾತ್ರ ನಿನ್ನ ತೋಳ ನೋಡ್ದೆ."

ನಾನು ಹೋಗಿ ಅವರ ಪಕ್ಕ ಕೂತೆ.

ಗುಳಿಗೆ ನಡೆಯುತ್ತಿರುವಾಗಲೇ ಲಗ್ನವಾಯಿತು. ಮುಖ ಕಪ್ಪಾಗಿತ್ತು, ಗಲ್ಲ ಬಾತಿತ್ತು. ಮೇಕಪ್ ಮಾಡುವ ಹುಡುಗಿ ಪೂರ್ತಿ ಮುಚ್ಚಿಬಿಡಲೇ ಅಕ್ಕಾ ಎಂದು ಕೇಳಿದಳು. ಬೇಡ, ಕಾಡಿಗೆ ಅಷ್ಟು ಸಾಕು ಎಂದೆ. ಬ್ಲೌಸ್ ನಾನೇ ಹೊಲಿದುಕೊಂಡೆ. ಎರಡು ಬೆರಳು ಸಹಾಯಕ್ಕೆ ಬರುತ್ತಿರಲಿಲ್ಲ, ಹಾಗಾಗಿ ನಿಧಾನವಾಯಿತು. ಗಿಡ್ಡ ತೋಳಿನದೇ ಹೊಲಿದೆ. ಶಾಲಿನಿ ಮತ್ತು ಸಂಘದವರು ಕನ್ನಡದಲ್ಲಿ ಎರಡು, ಮರಾಠಿಯಲ್ಲಿ ಒಂದು ಹಾಡು ಹಾಡಿದರು. ಅವ್ವ ಎಲ್ಲಕ್ಕಿಂತ ಜೋರಾಗಿ ಹಾಡಿದಳು.

ಈಗ ಉಮರ್ಗಾದಲ್ಲಿದ್ದೇನೆ. ಕೊನೆಯ ಪ್ಯಾಕ್ ಮುಗಿದಿದೆ. ಡಾಕ್ಟರು ಮತ್ತೆ ಹತ್ತಿಯ ಎಳೆ ತಾಗಿಸಿದರು. ತೋಳಿನ ಕಲೆಯ ಅಂಚಿನಲ್ಲಿ ಒಂದೆರಡು ಕಡೆ ಗೊತ್ತಾಯಿತು, ನಡುವೆ ಗೊತ್ತಾಗಲಿಲ್ಲ. ಹೋದ ಸ್ಪರ್ಶ ಎಲ್ಲವೂ ಬರಲಿಕ್ಕಿಲ್ಲ, ಇದ್ದದ್ದು ಉಳಿದಿದೆ ಅಂದರು. ಬೆರಳು ಮೊದಲಿಗಿಂತ ನೆಟ್ಟಗಿವೆ. ಮೈಬಣ್ಣ ಮೆಲ್ಲಗೆ ತಿಳಿಯಾಗುತ್ತಿದೆ. ನರ್ವ್ ಮತ್ತೆ ಬಾಯುವ ಭಯ ಇದ್ದೇ ಇದೆ, ಅದಕ್ಕೆ ತಪಾಸಣೆಗೆ ಹೋಗುತ್ತಿರಬೇಕು. ಕೈಗಳನ್ನು ದಿನವೂ ಬೆಳಕಿಗೆ ಹಿಡಿದು ಗಾಯ ಆಗಿದೆಯೇ ಎಂದು ನೋಡಬೇಕು. ನಾನು ಮರೆತರೆ ಅತ್ತೆ ಮರೆಯುವುದಿಲ್ಲ. ಕನ್ನಡಕ ಹಾಕಿಕೊಂಡು ಬಂದು ನನ್ನ ಅಂಗೈ ತಿರುವಿ ತಿರುವಿ ನೋಡುತ್ತಾರೆ.

ಇಲ್ಲಿಯೂ ಯುವಕರ ಗುಂಪು ಕಟ್ಟಿದ್ದೇವೆ. ಸಿಸ್ಟರ್‌ಗಳ ಜೊತೆ ಹಳ್ಳಿಗಳಿಗೆ ತಪಾಸಣೆಗೆ ಹೋಗುತ್ತೇವೆ. ನಾನು ಮೊದಲು ನನ್ನ ತೋಳು ತೋರಿಸುತ್ತೇನೆ. ಹೋದ ವಾರ ಗುಂಪಿಗೆ ಹೊಸದಾಗಿ ಬಂದ ಕಾಲೇಜು ಹುಡುಗಿಯೊಬ್ಬಳು ಬಹಳ ಹಿಂಜರಿದು ಕೇಳಿದಳು. ಅಕ್ಕಾ, ದೇವರು ನಿಮ್ಮನ್ನು ಪೂರಾ ಆರಾಮ ಮಾಡಿದನೇನು?

"ರೋಗ ಹೋಗ್ಯಾದ," ಎಂದೆ. "ಎರಡು ಬೆರಳು ಇನ್ನಾ ನನ್ನ ಮಾತು ಕೇಳಂಗಿಲ್ಲ. ಉಳದ ಎಂಟು ಕೇಳ್ತಾವ. ನಡಿ, ಜೀಪ್ ಬಂತು."