ಎಲೆಕ್ಷನ್ನಿಗೆ ಹೋದ ಬಂದೂಕು

ನಮ್ಮ ಆರ್.ಟಿ. ನಗರದ ಮನೆಯ ತಿರುವಿನಲ್ಲಿ ಒಬ್ಬ ಟೈಲರ್ ಇದ್ದಾನೆ. ಮೊನ್ನೆ ಬ್ಲೌಸ್ ಈಸಿಕೊಳ್ಳಲು ಹೋದಾಗ ಅವನು ಮಷೀನಿಗೆ ಎಣ್ಣೆ ಬಿಡುತ್ತಿದ್ದ. ಹೊಲಿಗೆ ಮಷೀನಿನ ಎಣ್ಣೆಗೆ ಏನು ಮಹಾ ವಾಸನೆ ಎಂದು ನೀವು ಕೇಳಬಹುದು. ತಣ್ಣನೆಯ ಕಬ್ಬಿಣಕ್ಕೆ ಅದನ್ನು ಸವರಿ ಹಳೆಯ ಪಂಚೆಯ ಚೂರಿನಿಂದ ಒರೆಸಿ ನೋಡಿ, ಆಮೇಲೆ ಮಾತಾಡೋಣ. ಅದು ನನ್ನ ತಾತನ ಬಂದೂಕಿನ ವಾಸನೆ. ಬ್ಲೌಸಿನ ಅಳತೆ ಸರಿಯಿದೆಯೋ ಇಲ್ಲವೋ ನೋಡದೆ ಎದ್ದು ಬಂದೆ. ಆ ಬಂದೂಕು ಈಗಿಲ್ಲ, ತಾತನೂ ಇಲ್ಲ, ಚಿಕ್ಕಬಾಣಾವರದಾಚೆ ನಾವೆಲ್ಲ ಒಟ್ಟಿಗಿದ್ದ ಹೆಂಚಿನ ಮನೆಯೂ ಇಲ್ಲ. ಆ ಜಾಗದಲ್ಲಿ ಕಾಲೇಜು ಹುಡುಗರ ಪಿ.ಜಿ. ಎದ್ದಿದೆ. ನಿಮ್ಮ ಮನೆಗಳಿಗೂ ಇಂಥದ್ದೇ ಏನೋ ಆಗಿರುತ್ತದೆ, ಹಾಗಾಗಿ ಅದನ್ನು ಹೆಚ್ಚು ವಿವರಿಸುವುದಿಲ್ಲ.

ಜಾಲಹಳ್ಳಿಯ ಮಿಲಿಟರಿ ಕ್ಯಾಂಪಿನಲ್ಲಿದ್ದ ಬಿಳಿ ದೊರೆಯೊಬ್ಬ ತನ್ನ ದೇಶಕ್ಕೆ ಹೊರಡುವಾಗ ನನ್ನ ಮುತ್ತಾತನಿಗೆ ಮಾರಿ ಹೋದ ರೈಫಲ್ಲು ಅದು. ಒಂದೇ ನಳಿಕೆ, ಪಕ್ಕದಲ್ಲಿ ಹಿಂದೆ ಮುಂದೆ ಎಳೆಯುವ ಬೋಲ್ಟು, ಎರಡು ತಲೆಮಾರಿನ ಕೆನ್ನೆ ತಾಗಿ ತಾಗಿ ನುಣುಪಾದ ಕಂದು ಮರ. ಭಾನುವಾರ ಬೆಳಿಗ್ಗೆ ತಾತ ಜಗಲಿಯ ಮೇಲೆ ಗೋಣಿಚೀಲ ಹಾಸಿ, ಬೋಲ್ಟನ್ನು ಬಿಚ್ಚಿ ನನ್ನ ಮಡಿಲಿಗೆ ಹಾಕುತ್ತಿದ್ದ. ದಾರಕ್ಕೆ ಕಟ್ಟಿದ ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ನಳಿಕೆಯೊಳಗೆ ಎಳೆಯುವನು. ಬಟ್ಟೆ ಬೆಳ್ಳಗೆ ಹೊರಬರುವ ತನಕ ಅವನಿಗೆ ಕಾಫಿಯೂ ಬೇಡ. ತೋಟಾಗಳು ಬಿಸ್ಕತ್ತಿನ ಡಬ್ಬಿಯಲ್ಲಿರುತ್ತಿದ್ದವು. ಹಿತ್ತಾಳೆಯ ನೀಳ ಮೈ, ಸಣ್ಣ ಕತ್ತು, ತುದಿಯಲ್ಲಿ ಬೂದು ಸೀಸ. ಒಂದು ಸಲ ಆಯುಧಪೂಜೆಗೆಂದು ಅಜ್ಜಿ ಅವನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿ, ದೀಪಾಲೆ ಕಂಬದ ಪಕ್ಕ ಸಾಲಾಗಿ ನಿಲ್ಲಿಸಿಬಿಟ್ಟಿದ್ದಳು. ಬಂಗಾರದ ಹಾಗೆ ಹೊಳೆಯುತ್ತಿದ್ದವು. "ಉಣಸೇ ಉಳಿ ಒಳೀಕ್ ಇಳಿದ್ರೆ ಮದ್ದು ಕೆಟ್ಟೋಯ್ತದೆ ಕಣೇ, ತಂಬಿಗೆ ಅಂದ್ಕಂಡ್ಯಾ?" ಎಂದು ತಾತ ಮನೆ ಹಾರಿಹೋಗುವಂತೆ ಕೂಗಾಡಿದ. ಅಜ್ಜಿ ಹೂವಿನ ಚೂರೊಂದನ್ನು ಅವನ ಕಿವಿಗೆ ಸಿಕ್ಕಿಸಿ ಒಳಗೆ ಹೋದಳು.

ಅವನ ಸಿಟ್ಟಿಗೆ ಕಾರಣವಿತ್ತು. ಆ ತೋಟಾ ಮಾಡುವುದನ್ನು ವಿಲಾಯತಿಯಲ್ಲೂ ಯಾವತ್ತೋ ನಿಲ್ಲಿಸಿದ್ದರು. ಪೇಟೆಯ ಬಂದೂಕಿನ ಅಂಗಡಿಯವನು ತಾತನನ್ನು ಕಂಡ ಕೂಡಲೇ ದೂರದಿಂದಲೇ ಇಲ್ಲ ಎಂದು ಕೈ ಆಡಿಸುತ್ತಿದ್ದನಂತೆ. ಹೊಸ ಬಂದೂಕು ಕೊಳ್ಳಿ ಎಂದರೆ ತಾತನಿಗೆ ಮೈ ಉರಿಯುತ್ತಿತ್ತು. "ಈಗಿನ್ ಗುಂಡು ಓಡೋದ್ ಜೋರು, ಮಾಂಸ ಚಿಂದಿ ಮಾಡ್ತದೆ. ಅಳೇದು ನಿದಾನಕ್ಕೋಯ್ತದೆ, ಆದ್ರೆ ಒಂದೇ ಏಟ್ಗೆ ಮಲಗಿಸ್ತದೆ. ಜಿಂಕೆಗೆ ನೋವೇ ಗೊತ್ತಾಗಾಕಿಲ್ಲ," ಎನ್ನುವನು. ಜಿಂಕೆಯನ್ನು ಕೇಳಿ ಹೇಳಿದ ಮಾತಲ್ಲ ಅದು ಎಂದು ಈಗ ಅನ್ನಿಸುತ್ತದೆ. ಪ್ರಾಯದಲ್ಲಿ ಅವನು ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಹೊಟ್ಟೆಯ ಮೇಲೆ ತೆವಳಿ ಗಂಡು ಜಿಂಕೆ ಹೊಡೆದವನು. ಆ ಕೈಯನ್ನು ತೊಳೆಯಲು ನಾನು ಹೊರಟಿಲ್ಲ. ಬೇಟೆಯಾಡಬಾರದೆಂಬ ಕಾನೂನು ಬಂದ ಮೇಲೆ ಒಂದನ್ನೂ ಹೊಡೆಯಲಿಲ್ಲ. ಬಂದೂಕಿಗೆ ಬೆಳೆ ಕಾಯಲು ಎಂಬ ಲೈಸೆನ್ಸು ಉಳಿಯಿತು. ರಾಗಿ ತೆನೆ ಬಿಟ್ಟಾಗ ಸಂಜೆ ಹೊತ್ತು ಹೊಲದ ಬದುವಿನ ಮೇಲೆ, ತೋಟಾ ತುಂಬದ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ. ಕಾಯುವುದಕ್ಕೆ ಜಿಂಕೆಗಳೇ ಇರಲಿಲ್ಲ. ಆದರೂ ಕೂರುತ್ತಿದ್ದ, ಪಕ್ಕದಲ್ಲಿ ನಾನೂ ಇರುತ್ತಿದ್ದೆ.

ಆಮೇಲೆ ನಮ್ಮ ಕಡೆಯ ನೆಲಕ್ಕೆ ಬೆಲೆ ಬಂತು. ಗಾಳಿ ಬಂದಾಗ ತೂರಿಕೊಳ್ಳಬೇಕು ಎಂಬುದು ನನ್ನ ಚಿಕ್ಕಪ್ಪನ ಮಂತ್ರ. ಅಪ್ಪ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಪಾಲು ಬಂದಾಗ ಮಾತ್ರ ಕೈ ಚಾಚಿದ. ಮಕ್ಕಳಿಬ್ಬರೂ ಸೇರಿ ತಾತನ ರುಜು ಹಾಕಿಸಿಕೊಂಡು ಹೊಲವನ್ನು ಲೇಔಟಿನವರಿಗೆ ಕೊಟ್ಟರು. ಸೈಟಿನ ಕಲ್ಲು ನೆಡಲು ಆಳುಗಳು ಬಂದ ಸಂಜೆ ತಾತ ರೂಢಿಯಂತೆ ಬದುವಿನ ಮೇಲೆ ಬಂದೂಕು ಇಟ್ಟುಕೊಂಡು ಕೂತಿದ್ದ. ಅವರು ಕಲ್ಲು ಬಿಸಾಡಿ ಓಡಿದರು. "ಯಾಕಪ್ಪಾ ಹಿಂಗ್ ಮಾನ ಕಳೀತೀಯ?" ಎಂದು ಚಿಕ್ಕಪ್ಪ ರೇಗಿದ. "ನಾನೇನ್ಲಾ ಮಾಡ್ದೆ? ದಿನಾ ಕೂರೋ ಜಾಗ್ದಾಗ್ ಕೂತಿದ್ದೆ," ಎಂದ ತಾತ. ನಿಜವಾಗಿಯೂ ಅಷ್ಟೇ.

ಹೊಲ ಹೋದ ಮೇಲೆ ಲೈಸೆನ್ಸಿಗೆ ಆಧಾರವಿಲ್ಲ, ಬಂದೂಕು ಒಪ್ಪಿಸಬೇಕು ಎಂದು ಕಚೇರಿಯಲ್ಲಿ ಹೇಳಿದ್ದರಂತೆ. ಅದನ್ನು ತಾತನ ಮುಖ ನೋಡಿ ಹೇಳುವ ಗಂಡಸು ನಮ್ಮ ಮನೆಯಲ್ಲಿ ಇರಲಿಲ್ಲ. ನಿಮಗೆ ಗೊತ್ತಿರಬಹುದು, ಎಲೆಕ್ಷನ್ ಬಂದಾಗಲೆಲ್ಲ ಲೈಸೆನ್ಸಿನ ಬಂದೂಕನ್ನು ಸ್ಟೇಷನ್ನಿನಲ್ಲಿ ಇಟ್ಟು, ಮುಗಿದ ಮೇಲೆ ತರಬೇಕು. ಪ್ರತಿ ಸಲವೂ ತಾತ ಮಗಳನ್ನು ಅತ್ತೆಮನೆಗೆ ಕಳಿಸುವವನಂತೆ ಅದನ್ನು ಕಂಬಳಿಯಲ್ಲಿ ಸುತ್ತಿ ಒಯ್ಯುತ್ತಿದ್ದ. ಈ ಸಲ ಚಿಕ್ಕಪ್ಪ, "ಎಲೆಕ್ಷನ್ ಬಂತಪ್ಪಾ, ಕಾರಲ್ಲೇ ಹೋಗ್ಬರೋಣ, ತೋಟಾನೂ ಕೊಡ್ಬೇಕಂತೆ," ಎಂದ. ತಾತ ಯಾವ ಎಲೆಕ್ಷನ್ ಎಂದು ಕೇಳಲಿಲ್ಲ. ಈ ದೇಶದಲ್ಲಿ ಅದನ್ನು ಯಾರು ಕೇಳುತ್ತಾರೆ? ತೋರಿಸಿದ ಕಡೆ ರುಜು ಹಾಕಿ ಬಂದ.

ಆಮೇಲೆ ಶುರುವಾಯಿತು ಕಾಯುವುದು. ತಾತ ಎಣ್ಣೆಯ ಬುಡ್ಡಿಯನ್ನೂ ಬಟ್ಟೆಚೂರುಗಳನ್ನೂ ಜಗಲಿಯ ಗೂಡಿನಲ್ಲಿ ತೆಗೆದಿಟ್ಟಿದ್ದ. ಸ್ಟೇಷನ್ನಿನವರು ಒರೆಸುವುದಿಲ್ಲ, ಬಂದ ಕೂಡಲೇ ತುಕ್ಕು ತೆಗೆಯಬೇಕು ಎನ್ನುತ್ತಿದ್ದ. "ಓಟ್ ಎಣಿಕೆ ಆಯ್ತೇನ್ಲಾ?" ಎಂದು ಕೇಳಿದರೆ ಚಿಕ್ಕಪ್ಪ, "ಇನ್ನೊಂದ್ ಎಲೆಕ್ಷನ್ ಇದೆಯಪ್ಪಾ, ಅದೂ ಮುಗೀಲಿ," ಎನ್ನುವನು. ಪಂಚಾಯ್ತಿ, ಜಿಲ್ಲಾ ಪಂಚಾಯ್ತಿ, ಅಸೆಂಬ್ಲಿ ಎಂದು ಅವನ ಬಾಯಲ್ಲಿ ಎಲೆಕ್ಷನ್ನುಗಳು ಮೊಟ್ಟೆಯಿಟ್ಟು ಮರಿ ಮಾಡಿದವು.

ಒಂದು ದಿನ ತಾತ ಒಗೆದ ಪಂಚೆ ಉಟ್ಟು, ಕಂಬಳಿ ಹೆಗಲಿಗೆ ಹಾಕಿಕೊಂಡು, ನನ್ನನ್ನು ಕರೆದುಕೊಂಡು ಬಸ್ಸಿನಲ್ಲಿ ಸ್ಟೇಷನ್ನಿಗೆ ಹೋದ. ಹೆಡ್ ಕಾನ್‌ಸ್ಟೆಬಲ್ ಒಳ್ಳೆಯ ಮನುಷ್ಯ. ತಾತನಿಗೆ ಕುರ್ಚಿ ಕೊಟ್ಟ. "ಯಜಮಾನ್ರೇ, ಅದು ಎಲೆಕ್ಷನ್ ಡೆಪಾಸಿಟ್ ಅಲ್ವಲ್ಲ. ಬಂದೂಕು ಇನ್ನು ಬೇಡ ಅಂತ ನೀವೇ ಸೈನ್ ಹಾಕಿ ಒಪ್ಸಿದ್ದೀರಿ. ಅದು ಮೇಲಕ್ಕೆ ಹೋಗಿ ಎಷ್ಟೋ ದಿನ ಆಯ್ತು, ಇನ್ನು ವಾಪಸ್ ಬರಲ್ಲ," ಎಂದ. ತಾತ ಬಹಳ ಹೊತ್ತು ಕಂಬಳಿಯ ಅಂಚನ್ನು ಮಡಿಸುತ್ತ ಕೂತ. ಕೊನೆಗೆ ಕೇಳಿದ್ದು ಒಂದೇ ಮಾತು: "ಕಳ್ಸೋವಾಗ ಎಣ್ಣೆ ಸವರಿದ್ರಾ ಸ್ವಾಮಿ?" ಕಾನ್‌ಸ್ಟೆಬಲ್ ನನ್ನ ಮುಖ ನೋಡಿದ. ಸವರಿದ್ದೆವು ಎಂದು ಸುಳ್ಳು ಹೇಳಿದ. ಆ ಸುಳ್ಳಿಗೆ ನಾನು ಇವತ್ತಿಗೂ ಋಣಿ.

ಬಸ್ಸಿಳಿದು ನಡೆಯುವಾಗ ತಾತ, "ಮನೇಲಿ ಏಳ್ಬ್ಯಾಡ ಕಣವ್ವ. ಅವ್ರು ನನ್ ಮಕ ನೋಡಂಗಾಗಾಕಿಲ್ಲ," ಎಂದ. ಮೋಸ ಮಾಡಿದವರ ಮಾನವನ್ನು ಮೋಸ ಹೋದವನು ಕಾಯುತ್ತಿದ್ದ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ. ಮರುದಿನದಿಂದ ತಾತ ಎಣಿಕೆಯ ಮಾತೆತ್ತಲಿಲ್ಲ. ಅಪ್ಪ ಚಿಕ್ಕಪ್ಪ ಇಬ್ಬರೂ, ಮುದುಕ ಮರೆತ ಎಂದು ನೆಮ್ಮದಿಯಾದರು.

ಎರಡು ಮಳೆಗಾಲ ಕಳೆದ ಮೇಲೆ ನಿಜವಾದ ಎಲೆಕ್ಷನ್ ಬಂತು, ಚಿಕ್ಕಪ್ಪನೇ ಪಂಚಾಯ್ತಿಗೆ ನಿಂತ. ನಾಮಪತ್ರ ಕೊಡಲು ಹೋಗುವ ದಿನ ಕೊರಳಿಗೆ ಹಾರ, ಹಿಂದೆ ಹುಡುಗರ ಹಿಂಡು, ಒಬ್ಬ ಫೋಟೋದವನು. ತಾತ ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ಚಿಕ್ಕಪ್ಪ ಕಾಲು ಮುಟ್ಟಲು ಬಗ್ಗಿದಾಗ ತಾತ ಮೆಲ್ಲಗೆ ಕೇಳಿದ: "ಎಲೆಕ್ಷನ್ ಅಲ್ವಾ ಮಗಾ? ಬಂದೂಕು ಎಲ್ಲೈತೆ?"

ಒಂದು ಕ್ಷಣ ಸಿಕ್ಕಿತ್ತು ಅವನಿಗೆ. ನಾನು ಬಾಗಿಲ ಹಿಂದೆ ನಿಂತು, ಹೇಳಿಬಿಡು, ಈಗಲಾದರೂ ಹೇಳಿಬಿಡು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಸ್ಟೇಷನ್ನಲ್ಲೇ ಭದ್ರವಾಗಿದೆಯಪ್ಪಾ. ಇದೊಂದ್ ಮುಗೀಲಿ, ನಾನೇ ತಂದ್ಕೊಡ್ತೀನಿ."

ತಾತ ಎರಡೂ ಕಾಲುಗಳನ್ನು ಮೇಲಕ್ಕೆಳೆದು ಪಂಚೆಯೊಳಗೆ ಸೇರಿಸಿಕೊಂಡ. ಚಿಕ್ಕಪ್ಪನ ಕೈ ಜಗಲಿಯ ಕಲ್ಲು ಮುಟ್ಟಿತು. ಅದನ್ನೇ ಕಣ್ಣಿಗೊತ್ತಿಕೊಂಡು ಎದ್ದ. ಹುಡುಗರು ಜೈಕಾರ ಹಾಕಿದರು. ಬೀದಿ ಖಾಲಿಯಾದ ಮೇಲೂ ತಾತ ಕಾಲು ಇಳಿಬಿಡಲಿಲ್ಲ, ಕತ್ತಲಾಗುವ ತನಕ ಹಾಗೇ ಕೂತಿದ್ದ.